ಹೊಟ್ಟಿ ನಂದೈತ್ರಿ

ಅವರ ಬೆಲ್ಟಿಗೆ ಒಂಬತ್ತು ತೂತುಗಳಿದ್ದವು. ಐದು ಅಂಗಡಿಯಿಂದ ತಂದಾಗಲೇ ಇದ್ದವು. ಉಳಿದ ನಾಲ್ಕನ್ನು ಅವರೇ ಕಚೇರಿಯ ಹಿಂದಿನ ಬಂಡೆಗಲ್ಲಿನ ಮೇಲೆ ಬೆಲ್ಟು ಹಾಸಿ, ಮೊಳೆಯಿಟ್ಟು ಹೊಡೆದುಕೊಂಡಿದ್ದರು. ಬಿಗಿದ ಮೇಲೆ ಉಳಿದ ತುದಿ ಸೊಂಟದ ಪಕ್ಕದಲ್ಲಿ ಜೋತಾಡುತ್ತಿತ್ತು. ಕತ್ತರಿಸಬಾರದೇ ಎಂದು ಯಾರಾದರೂ ಕೇಳಿದರೆ, "ಇರಲಿ ಬಿಡ್ರಿ, ಎಷ್ಟ ಕರಗೀನಿ ಅಂತ ಮಂದಿಗೂ ಕಾಣಲಿ" ಎನ್ನುತ್ತಿದ್ದರು.

ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಮ್ಮ ಕಚೇರಿಗೆ ಬಾಡಿಗೆ ಕಟ್ಟಡ, ಬೇರೆ ಬೇರೆ ಕಡೆಯಿಂದ ಬಂದ ಕುರ್ಚಿಗಳು, ಧಾರವಾಡದಲ್ಲಿ ಹಳತಾದ ಒಂದು ಜೀಪು. ಆ ಜೀಪಿನ ಜೊತೆಗೇ ಬಂದ ಡ್ರೈವರ್ ಅವರು. ಲಕ್ಷ್ಮೇಶ್ವರದವರು. ಕಚೇರಿಯಲ್ಲಿ ಎಲ್ಲರಿಗೂ ಚಾಚಾ. ಕೆರೆ, ಒಡ್ಡುಗಳನ್ನು ನೋಡಿ ಅಳತೆ ಬರೆದುಕೊಳ್ಳುವ ಎಂಜಿನಿಯರಾಗಿ ಹೊಸದಾಗಿ ಸೇರಿದ ಹೆಣ್ಣುಮಗಳು ನಾನು, ಅವರಿಗೆ 'ಬಾಯಾರು', ಅಂದರೆ ಮೇಡಂ.

ನಾನು ನೋಡಿದ ಮೊದಲ ವರ್ಷ ಅವರು ದಪ್ಪಗೆ ಇದ್ದರು, ಊಟಕ್ಕೆ ಹೆಸರಾಗಿದ್ದರು. ನಾವು ಬರುತ್ತೇವೆಂದರೆ ಹಳ್ಳಿಯ ಹಿರಿಯರ ಮನೆಗಳಲ್ಲಿ ಹೋಳಿಗೆ, ತುಪ್ಪ, ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು ಸಿದ್ಧವಾಗಿರುತ್ತಿತ್ತು. ಚಾಚಾ ಕುಳಿತರೆ ಬಡಿಸುವವರಿಗೆ ಹುರುಪು. ಒಮ್ಮೆ ಮುಂಡರಗಿಯಿಂದ ವಾಪಸು ಬಂದು ಇಳಿಯುವಾಗ ಜೀಪಿನ ಕ್ಲಚ್ಚಿನ ಕೆಳಗೆ ರಕ್ತ ಕಂಡಿತು. ಅವರ ಎಡಗಾಲಿನ ಚಪ್ಪಲಿ ತೂರಿ ಒಂದು ಮೊಳೆ ಪಾದಕ್ಕೆ ಇಳಿದಿತ್ತು. ಅಷ್ಟು ದೂರ ಆ ಕಾಲಿನಿಂದಲೇ ಕ್ಲಚ್ ಒತ್ತುತ್ತ ಬಂದಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಗಾಯ ಮಾಯಲಿಲ್ಲ, ಕಿರುಬೆರಳನ್ನು ತೆಗೆಯಬೇಕಾಯಿತು. ಹೀಗೇ ಉಂಡರೆ ಮುಂದಿನ ಸಲ ಪಾದವೇ ಹೋಗುತ್ತದೆ ಎಂದು ಹೇಳಿ ಕಳಿಸಿದರು.

ರಜೆ ಮುಗಿಸಿ ಬಂದ ದಿನ ಚಾಚಾನ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಹಿಡಿ ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಬಾಟಲಿಯಲ್ಲಿ ನೀರು ಮಜ್ಜಿಗೆ. ಮರುದಿನವೂ ಅದೇ. ಒಂದು ವಾರದ ಹಟ ಇರಬೇಕು ಎಂದು ನಾವು ನಗಾಡಿಕೊಂಡೆವು.

ಆಮೇಲೆ ಬೆಳ್ಳಟ್ಟಿಗೆ ಹೋದ ದಿನ ಬಂತು. ದೊಡ್ಡ ಹೊಲಮನೆಯವರ ಪಡಸಾಲೆಯಲ್ಲಿ ನಮ್ಮ ಕಚೇರಿಯ ಸಾಹೇಬರಿಗೂ ನನಗೂ ಚಾಚಾನಿಗೂ ತಾಟು ಇಟ್ಟಿದ್ದರು. ಚಾಚಾ ಕಟ್ಟೆಯ ಮೇಲೆ ತಮ್ಮ ಡಬ್ಬಿ ಬಿಚ್ಚಿದರು. ಮನೆಯ ಯಜಮಾನರ ಮುಖ ಸಣ್ಣದಾಯಿತು.

"ಯಾಕ್ರಿ, ನಮ್ಮ ಮನಿ ಊಟ ನಿಮಗ ನಡಿಯಂಗಿಲ್ಲೇನು?"

"ಗೌಡ್ರ, ನಿಮ್ಮ ಮನಿ ಹೋಳಿಗಿ ರುಚಿ ನನಗ ಗೊತ್ತೈತ್ರಿ. ಅದಕ್ಕ ದೂರ ಕುಂತೀನಿ."

ಸಾಹೇಬರಿಗೆ ಸಿಟ್ಟು ಬಂತು. ತಮಗಿಂತ ಹಿರಿಯರಾದ ಚಾಚಾನಿಗೆ ಎಲ್ಲರ ಎದುರು, "ಒಂದ್ ದಿನಕ್ಕ ಏನ್ ಸಾಯಂಗಿಲ್ಲ, ಬಂದು ಕುಂಡ್ರಲೇ" ಎಂದರು.

ಚಾಚಾ ರೊಟ್ಟಿ ಮುರಿಯುತ್ತಲೇ ಹೇಳಿದರು: "ಒಂದ್ ದಿನ ಅನ್ನೋರು ದಿನಾ ಒಬ್ಬರು ಸಿಗತಾರ್ರಿ ಸಾಹೇಬ್ರ. ಗಾಡಿ ಸರಕಾರದ್ದೈತಿ, ಎಲ್ಲಿಗಂತೀರಿ ಅಲ್ಲಿಗೆ ಹೊಡಿತೀನಿ. ಹೊಟ್ಟಿ ನಂದೈತ್ರಿ."

ವಾಪಸು ಬರುವ ದಾರಿಯಲ್ಲಿ ಇಳಿದು ನಿಂತಾಗ ಮೆಲ್ಲಗೆ ಕೇಳಿದೆ, "ಕಾಲು ತೋರಿಸಿಬಿಟ್ಟಿದ್ರ ಅವರು ಸುಮ್ಮನಾಗ್ತಿದ್ರಲ್ಲ ಚಾಚಾ?"

"ಬ್ಯಾಡಂದ್ರ ಬ್ಯಾಡ ಅಂತ ತಿಳೀಬೇಕ್ರಿ ಬಾಯಾರ. ನನ್ನ ಊಟ ನಾ ಉಣ್ಣಾಕ ಬ್ಯಾನಿ ತೋರಿಸಿ ಅಪ್ಪಣಿ ಕೇಳಂಗಿಲ್ಲ."

ಅದೇ ವಾರ ಅವರನ್ನು ಜೀಪಿನಿಂದ ಇಳಿಸಿ ಶಿರಹಟ್ಟಿಯ ಸಾಮಾನು ಕೋಣೆ ಕಾಯಲು ಕಳಿಸಲಾಯಿತು. ಡ್ರೈವರನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಕ್ಷಮೆ ಕೇಳಿ ಮುಗಿಸಿಬಿಡಿ ಎಂದು ಹಲವರು ಹೇಳಿ ನೋಡಿದರು. ಅವರು ಅಲ್ಲಿಯೂ ಮಧ್ಯಾಹ್ನ ಸರಿಯಾಗಿ ಡಬ್ಬಿ ಬಿಚ್ಚಿ, ಉಂಡು, ಕೋಣೆಯ ಸುತ್ತ ಇಪ್ಪತ್ತು ಸುತ್ತು ನಡೆಯುತ್ತಿದ್ದರಂತೆ. ಮಳೆ ಬಿದ್ದ ಮೇಲೆ ಬಾಳೆಹೊಸೂರಿನ ಎರೆಹೊಲದ ದಾರಿಯಲ್ಲಿ ಹೊಸ ಡ್ರೈವರ್ ಜೀಪನ್ನು ಹುಗಿಸಿದ. ಸಾಹೇಬರು ಮೊಣಕಾಲು ಮಟ್ಟ ಕೆಸರಲ್ಲಿ ನಡೆದು ಬಂದರು. ಎರಡು ದಿನಕ್ಕೆ ಚಾಚಾ ವಾಪಸು ಬಂದರು, ಡಬ್ಬಿಯ ಸಮೇತ. ಸಾಹೇಬರು ಆ ಮೇಲೆ ಊಟದ ಮಾತು ಎತ್ತಲಿಲ್ಲ.

ಇಷ್ಟಾದರೂ ಅದು ಅವರ ಕಥೆ, ನನಗೇನು ಎಂದುಕೊಂಡಿದ್ದೆ. ನನ್ನ ಮಧ್ಯಾಹ್ನದ ಊಟ ಎದುರಿನ ಹೋಟೆಲಿನ ಪೂರಿ, ಮೇಲೆ ಎರಡು ಮಿರ್ಚಿ, ಸಿಹಿ ಚಹಾ. ಮದುವೆಯಾಗಿ ಬೆಟಗೇರಿಯ ಮನೆಗೆ ಬಂದ ಮೂರನೆಯ ವರ್ಷ ಗರ್ಭಿಣಿಯಾದೆ. ಮೊದಲು ಒಂದು ಸಲ ಗರ್ಭ ಇಳಿದುಹೋಗಿತ್ತು. ಈ ಸಲ ಆರನೆಯ ತಿಂಗಳಲ್ಲಿ ರಕ್ತ ತಪಾಸಣೆ ಮಾಡಿದ ಡಾಕ್ಟರಮ್ಮ, ಸಕ್ಕರೆ ಏರಿದೆ, ಊಟ ಬದಲಿಸದಿದ್ದರೆ ಕೂಸಿಗೆ ಕಷ್ಟ ಎಂದರು. ಮರುದಿನ ಜೀಪಿನಲ್ಲಿ ತಡೆಯಲಾಗದೆ ಅತ್ತುಬಿಟ್ಟೆ. ಚಾಚಾ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು.

"ಅಳೂದು ಆಮ್ಯಾಲ. ನಾಳಿ ಮಧ್ಯಾಹ್ನ ಏನ್ ಉಣ್ತೀರಿ, ಅದನ್ನ ಮೊದಲ ಹೇಳ್ರಿ."

ಮರುದಿನದಿಂದ ನಾನೂ ಡಬ್ಬಿ ತಂದೆ. ಮೊದಲು ಸೊಪ್ಪು, ಸೌತೆಕಾಯಿ. ಆಮೇಲೆ ರೊಟ್ಟಿ, ಕಾಳು. ಅನ್ನ ಬೇಕೇ ಬೇಕೆಂದರೆ ಕೊನೆಯಲ್ಲಿ ಎರಡು ತುತ್ತು. ಹೀಗೆ ಅವರು ಎದುರು ಕುಳಿತು ಉಣ್ಣಿಸಿದರು. ಉಂಡ ಕೂಡಲೇ ಎಬ್ಬಿಸಿ ನಡೆಸುತ್ತಿದ್ದರು. ಜೀಪು ನಿಲ್ಲಿಸುವ ತಗಡಿನ ಶೆಡ್ಡೇ ನಮ್ಮ ಊಟದ ಮನೆ. ಹಿರಿಯ ಗುಮಾಸ್ತರೊಬ್ಬರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಬಾಯಾರ, ನೀವು ಎಂಜಿನಿಯರು. ಡ್ರೈವರ್ ಸಂಗಾಟ, ಅದೂ ಸಾಬರ ಸಂಗಾಟ, ಕುಂತು ಉಣ್ಣೂದು ಚೊಲೊ ಕಾಣಂಗಿಲ್ಲ" ಎಂದರು. ಅಲ್ಲಿಯವರೆಗೆ ನಾನು ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಉಣ್ಣುತ್ತಿದ್ದೆ. ಮರುದಿನ ಕಚೇರಿಯೊಳಗಿನ ನನ್ನ ಕುರ್ಚಿಯನ್ನೇ ಎಲ್ಲರೂ ನೋಡುವಂತೆ ಎತ್ತಿಕೊಂಡು ಹೋಗಿ ಚಾಚಾನ ಪಕ್ಕದಲ್ಲಿ ಹಾಕಿದೆ.

ಹೊರಗೆ ಗೆದ್ದದ್ದು ಮನೆಯಲ್ಲಿ ನಡೆಯಲಿಲ್ಲ. ಅತ್ತೆ ದಿನಕ್ಕೊಂದು ಸಿಹಿ ಮಾಡಿ ಮುಂದೆ ನಿಲ್ಲುತ್ತಿದ್ದರು. ಅವರು ಕೆಟ್ಟವರಲ್ಲ. "ನಾ ಬಸರಿದ್ದಾಗ ಹೊಟ್ಟಿತುಂಬ ಸಿಕ್ಕಿಲ್ಲವ್ವ, ನಿನಗ ಹಂಗಾಗಬಾರದು" ಎಂದು ಕಣ್ಣೀರು ಹಾಕಿದರೆ ತಿಂದುಬಿಡುತ್ತಿದ್ದೆ. ಸಕ್ಕರೆ ಇಳಿಯಲಿಲ್ಲ. ಚಾಚಾ ಕೇಳಿದಾಗ ಸುಳ್ಳು ಹೇಳಲಾಗಲಿಲ್ಲ.

ಆ ಸಂಜೆ ಬಿಸಿಲಿರುವಾಗಲೇ ಅವರು ನನ್ನನ್ನು ಬೆಟಗೇರಿಗೆ ಬಿಡಲು ಬಂದರು. ಅತ್ತೆ ಬಾಗಿಲಲ್ಲೇ ರವೆ ಉಂಡಿಯ ತಾಟು ಹಿಡಿದು ನಿಂತಿದ್ದರು. ಚಾಚಾ ಜೀಪಿನಿಂದ ಇಳಿದು ಮೆಟ್ಟಿಲ ಹತ್ತಿರ ಬಂದರು.

"ಅಮ್ಮಾರ, ಇವರಿಗೆ ಉಂಡಿ ಕೊಡಬ್ಯಾಡ್ರಿ."

"ಅಲ್ರೀ ಡ್ರೈವರ, ನಮ್ಮ ಸೊಸಿಗೆ ಏನ್ ಉಣಸ್ಬೇಕು ಅನ್ನೂದು ನೀವು ಹೇಳಾಕ ಬಂದ್ರೇನು?"

"ಹೌದ್ರಿ. ಹೇಳಾಕ ಬಂದೀನಿ."

ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ನೆರೆಯವರು ಹೊರಗೆ ಬಂದರು. ನನ್ನ ಗಂಡ ಬಾಗಿಲ ಹಿಂದೆ ನಿಂತು ನೆಲ ನೋಡುತ್ತಿದ್ದರು. ಚಾಚಾ ಮೆಟ್ಟಿಲ ಮೇಲೆ ಕುಳಿತರು. ಬೂಟು ಬಿಚ್ಚಿದರು. ಕಾಲುಚೀಲ ಎಳೆದು ಹಾಕಿ, ಕಿರುಬೆರಳಿಲ್ಲದ ಆ ಪಾದವನ್ನು ಬಿಸಿಲಿಗೆ ಚಾಚಿದರು. ಸಾಹೇಬರಿಗೆ ತೋರಿಸದ ಕಾಲು ಅದು.

"ನನಗೂ ಎಲ್ಲಾರೂ ಪ್ರೀತಿಲೆ ಉಣಿಸಿದ್ರು ಅಮ್ಮಾರ. ಒಬ್ಬರೂ ವಿಷಾ ಹಾಕಿಲ್ಲ. ನಂದು ಒಂದು ಬಟ್ಟು ಹೋತು, ಹೋಗಲಿ. ಹೊಟ್ಟ್ಯಾಗಿನ ಕೂಸು ಬ್ಯಾಡ ಅಂತ ಹೇಳಾಕ ಬರ್ತೈತೇನ್ರಿ?"

ಅತ್ತೆ ಆ ಕಾಲನ್ನೇ ನೋಡಿದರು. ತಾಟು ತೆಗೆದುಕೊಂಡು ಒಳಗೆ ಹೋದರು. ಬೆಳಿಗ್ಗೆ ಎದ್ದು ನೋಡಿದರೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ಡಬ್ಬಿಗೆ ಎಷ್ಟ ಹಾಕ್ಲಿ?"

ಮಗಳು ತಿಂಗಳು ತುಂಬಿ, ಗಟ್ಟಿಯಾಗಿ ಅಳುತ್ತ ಹುಟ್ಟಿದಳು.

ಚಾಚಾ ನಿವೃತ್ತಿಯ ಕೊನೆಯ ದಿನದವರೆಗೂ ಜೀಪು ಓಡಿಸಿದರು. ಡಾಕ್ಟರು ಹೋಗುತ್ತದೆ ಎಂದಿದ್ದ ಪಾದ ಕಡೆಯವರೆಗೂ ಹೋಗಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಚಳಿಗಾಲದಲ್ಲಿ, ನಮಾಜಿಗೆ ನಡೆದು ಹೋಗಿ ಮನೆಗೆ ಬಂದು ಮಲಗಿದವರು ಏಳಲಿಲ್ಲವೆಂದು ಅವರ ಮನೆಯಿಂದ ಖಬರು ಬಂತು. ನಾನೂ ಮಗಳೂ ಲಕ್ಷ್ಮೇಶ್ವರಕ್ಕೆ ಹೋದೆವು. ಚಾಚಿ ನನ್ನ ಕೈ ಹಿಡಿದುಕೊಂಡು ಕುಳಿತರು.

ವಾಪಸು ಬರುವಾಗ ಮಗಳು ಕಾರು ನಡೆಸುತ್ತಿದ್ದಳು. ನಾನು ಅಳುತ್ತಲೇ ಇದ್ದದ್ದನ್ನು ಕಂಡು ಕೇಳಿದಳು:

"ಅಮ್ಮ, ಅವರು ನಮಗ ಏನಾಗಬೇಕು?"

ಯಾವ ಸಂಬಂಧದ ಹೆಸರೂ ನೆನಪಿಗೆ ಬರಲಿಲ್ಲ.

"ನೀ ಹುಟ್ಟೂದಕ್ಕಿಂತ ಮೊದಲ ನಿನ್ನ ಸಲುವಾಗಿ ಜಗಳಕ್ಕ ನಿಂತವರು" ಎಂದೆ.