ಕಾಲರಿಲ್ಲದ ಕೊಲಂಬು ಅಂಗಿ

ಮೊನ್ನೆ ಪೆಟ್ಟಿಗೆ ತಡಕಾಡುವಾಗ ಕಾಲರಿಲ್ಲದ ಅಂಗಿ ಸಿಕ್ಕಿತು. ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ ಇನ್ನೂ ಉಂಟು... ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ರ ಇದ್ದ ಟೈಲರಣ್ಣನ ವಾಸನೆ.

ನಾನಾಗ ಹೈಸ್ಕೂಲು. ಮಾವ ಕೊಲಂಬಿನಿಂದ ತಂದ, ಆಗಿನ್ನೂ ಕಾಲರಿದ್ದ ಆ ಅಂಗಿ ಹಾಕಿ ನಡೆದ್ರೆ ಎತ್ತಿನ ಗಾಡಿಗಳೆಲ್ಲ ದಾರಿ ಬಿಡ್ತಿದ್ದವು. ಒಂದು ಎತ್ತು ಬಿಟ್ಟದ್ದಂತೂ ನಿಜ.

ಬಿದ್ದ ಗುಂಡಿ ಹೊಲಿಸ್ಲಿಕ್ಕೆ ಕೊಟ್ಟೆ. ಟೈಲರಣ್ಣ ಕಾಲರು ಮಗುಚಿದವರು ಹಾಗೇ ಕೂತುಬಿಟ್ಟರು. ಒಳಗೆ ಕೆಂಪು ನೂಲಿನ ಸಣ್ಣ ಗಂಟು. ದೃಷ್ಟಿ ತಾಗದ ಹಾಗೆ ಅವರ ಮನೆಯವರು ಮಾತ್ರ ಹಾಕುವ ಗಂಟು.

"ನನ್ನ ತಮ್ಮ ಹೊಲಿದದ್ದು ಮಾರಾಯ. ಅವ ಬದುಕಿದ್ದಾನೆ."

ತಮ್ಮ ಕೊಲಂಬಿನ ಒಂದು ಬಟ್ಟೆ ಕಾರ್ಖಾನೆಗೆ ಹೋದವ. ಅಲ್ಲಿಂದ ಊರಿಗೆ ಬಂದ ಸಂಪಾಜೆಯವರೊಬ್ಬರ ಬಾಯಲ್ಲಿ ಅವ ಹೇಳಿ ಕಳಿಸಿದ್ದು ಎರಡೇ ಮಾತು: ಪಾಸ್‌ಪೋರ್ಟು ಕಿತ್ತುಕೊಂಡಿದ್ದಾರೆ, ಬಾಗಿಲಿಗೆ ಬೀಗ ಹಾಕ್ತಾರೆ. ಆಮೇಲೆ ಸುದ್ದಿಯೇ ಇಲ್ಲ...

"ಸರಕಾರಕ್ಕೆ ಅರ್ಜಿ ಬರೀಬೇಕಿತ್ತು. ನಿನಗೆ ಇಂಗ್ಲಿಷ್ ಬರ್ತದಲ್ಲ?"

"ಎಂತ ಟೈಲರಣ್ಣ, ಬೇಕಾದ್ರೆ ಇಂಗ್ಲೆಂಡಿನ ರಾಣಿಗೇ ಬರೀತೇನೆ!"

ಎರಡೇ ಮಾತು ನನಗೆ ಸಪ್ಪೆ ಕಂಡಿತು. ಅರ್ಜಿ ಬರೆಯುವಾಗ ಕಾಲಿಗೆ ಸರಪಳಿ ಸೇರಿಸಿದೆ. ಗಂಟೆಗೊಮ್ಮೆ ಚಾಟಿಯೇಟು. ಕಾರ್ಖಾನೆಯ ಸುತ್ತ ಕಂದಕ, ಕಂದಕದಲ್ಲಿ ಮೊಸಳೆ. ಇಂಗ್ಲಿಷ್ ಬಾರದ ಟೈಲರಣ್ಣ ಐದು ಪುಟ ನೋಡಿ, "ಕೈ ನೋಯ್ತದಾ ಮಗ?" ಅಂತ ಕೇಳಿದ್ರು. ಸಾಕ್ಷಿಗೆ ನನ್ನ ಅಂಗಿಯ ಕಾಲರು ಬಿಚ್ಚಿ ಅರ್ಜಿಗೆ ಪಿನ್ ಮಾಡಿದರು. ನಾನು ಶಾಲೆಯಲ್ಲಿ ಇದು ಕೊಲಂಬಿನ ಹೊಸ ಫ್ಯಾಶನ್ ಅಂದೆ. ಇಬ್ಬರು ಅವರವರ ಕಾಲರು ಕತ್ತರಿಸಿಕೊಂಡು ಮನೆಯಲ್ಲಿ ಪೆಟ್ಟು ತಿಂದರು.

ಕೆಲವು ತಿಂಗಳಾದ ಮೇಲೆ ವಿಚಾರಣೆಗೆ ಆಫೀಸರೊಬ್ಬರು ಅಂಗಡಿಗೇ ಬಂದರು.

"ಈ ಮೊಸಳೆ ನೋಡಿದ್ದು ಯಾರು?"

ಟೈಲರಣ್ಣ ನನ್ನ ಮುಖ ನೋಡಿದರು. ನಾನು ಕತ್ತರಿ ನೋಡಿದೆ.

"ಮೊಸಳೆ ಇಲ್ಲ ಸ್ವಾಮಿ. ಬೀಗ ಉಂಟು."

"ಸರಪಳಿ?"

"ಗೊತ್ತಿಲ್ಲ ಸ್ವಾಮಿ. ಬೀಗ ಉಂಟು."

ಆಫೀಸರು ನಗಾಡಿದರು. ಆಮೇಲೆ ಸರಕಾರದ ಉತ್ತರ ಬಂತು: ಅರ್ಜಿಯಲ್ಲಿರುವುದು ಕಟ್ಟುಕತೆ, ಕೊಲಂಬಿಗೆ ಬರೆಯಲು ಕಾರಣ ಕಾಣುವುದಿಲ್ಲ. ಓದಿ ಹೇಳಿದವನೂ ನಾನೇ. ಕಾಲರು ವಾಪಸು ಬರಲಿಲ್ಲ.

ಟೈಲರಣ್ಣ ಬೈಯಲಿಲ್ಲ. ಮಿಷನ್ನಿಗೆ ಎಣ್ಣೆ ಬಿಡ್ತಾ, "ಬೀಗ ಒಂದೇ ಸಾಕಿತ್ತು ಮಾರಾಯ," ಅಂದರು, ಅಷ್ಟೇ...

ಹೋದ ವರ್ಷ ಅವರು ತಮ್ಮನ ಸುದ್ದಿ ಸಿಗದೆಯೇ ತೀರಿಹೋದರು. ಆ ಅಂಗಡಿಯಲ್ಲಿ ಈಗ ಸೋಡಾ ಮಾರ್ತಾರೆ.

ನಿನ್ನೆ ಸರಕಾರಕ್ಕೆ ಮತ್ತೊಂದು ಅರ್ಜಿ ಬರೆದೆ. ಪಾಸ್‌ಪೋರ್ಟು ಕಿತ್ತುಕೊಂಡಿದ್ದಾರೆ. ಬಾಗಿಲಿಗೆ ಬೀಗ ಹಾಕ್ತಾರೆ. ಎರಡೇ ಸಾಲು. ಪಿನ್ ಮಾಡ್ಲಿಕ್ಕೆ ಕಾಲರಿಲ್ಲ.