ಕಡಲಪಾಚಿಯ ಕ್ಯಾಪ್ಸೂಲು ಮತ್ತು ಸುಮತಿ ಅಕ್ಕ

"ದಿನಾ ಯಾವ ಮಾತ್ರೆ ತಗೋತೀರಿ?"

ಎಮರ್ಜೆನ್ಸಿಯ ಹಾಸಿಗೆ ಪಕ್ಕ ನಿಂತು ಡಾಕ್ಟರ್ ಹಿಂದಿಯಲ್ಲಿ ಕೇಳಿದರು. ಮಲಗಿದ್ದವರು ಸುಮತಿ ಅಕ್ಕ. ಕರೋಲ್ ಬಾಗಿನಲ್ಲಿ ಗಂಡನೊಂದಿಗೆ ಸಣ್ಣ ಉಡುಪಿ ಹೋಟೆಲ್ ನಡೆಸುವವರು. ಸ್ವಂತ ಅಕ್ಕನಲ್ಲ. ನಾನು ದಿಲ್ಲಿಗೆ ಬಂದ ಹೊಸತರಲ್ಲಿ ಕರೆದು ಊಟ ಹಾಕಿದವರು.

ಮುಕ್ಕಾಲು ಗಂಟೆಯ ಹಿಂದೆ ಇಬ್ಬರೂ ಮೆಟ್ರೊ ಮೆಟ್ಟಿಲು ಹತ್ತುತ್ತಿದ್ದೆವು. ಅಕ್ಕ ಅರ್ಧದಲ್ಲೇ ಕಂಬಿ ಹಿಡಿದು ಕುಳಿತುಬಿಟ್ಟರು. "ಎದೆ ಯಾಕೋ ಹಾರ್ತಾ ಉಂಟು ಮಾರಾಯ್ತಿ" ಎಂದರು. ಕೈ ಹಿಡಿದೆ. ನಡುಗುತ್ತಿತ್ತು, ಬೆವರಿನಿಂದ ಒದ್ದೆ. (ದಿಲ್ಲಿಯ ಜನವರಿಯಲ್ಲಿ, ನಾನು ಎರಡು ಸ್ವೆಟರ್ ಹಾಕಿಕೊಂಡಿದ್ದಾಗ.)

"ಮಾತ್ರೆ ಏನೂ ಇಲ್ಲ. ಶುಗರಿಲ್ಲ, ಬಿಪಿ ಇಲ್ಲ" ಎಂದರು ಅಕ್ಕ.

ಮಾನಿಟರಿನಲ್ಲಿ ಎದೆಬಡಿತ ನೂರೈವತ್ತು ದಾಟಿತ್ತು.

ಉತ್ತರ ನನಗೆ ಗೊತ್ತಿತ್ತು. ಅವರ ಕೈಚೀಲ ನನ್ನ ಹತ್ತಿರವೇ ಇತ್ತು. ಅದರೊಳಗೆ ಕಡಲಪಾಚಿ ಕ್ಯಾಪ್ಸೂಲಿನ ಡಬ್ಬಿ. ಮನೆಯಿಂದ ಹೊರಡುವಾಗ ನನ್ನೆದುರೇ ಒಂದು ನುಂಗಿ, "ನೀನು ಬರ್ದದ್ದೇ ಇದು" ಎಂದು ಖುಷಿಯಿಂದ ತೋರಿಸಿದ್ದರು.

ಹೌದು, ಇದೇ ಅಂಕಣದಲ್ಲಿ ಬರೆದಿದ್ದೆ. ದಸರೆಯ ಹೊತ್ತಿಗೆ. ಗುರುಗ್ರಾಮದ ನನ್ನ ಆಫೀಸಿನ ಗೆಳತಿ ಕೊಟ್ಟ ಕ್ಯಾಪ್ಸೂಲಿನಿಂದ ಹದಿನೈದೇ ದಿನದಲ್ಲಿ ಸುಸ್ತು ಹೋಯಿತು, ಥೈರಾಯ್ಡಿಗೆ ಅಯೋಡಿನ್ ಬೇಕೇ ಬೇಕು, ಇದು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ, ಹೀಗೆಲ್ಲ. ನಾನು ರಕ್ತ ಪರೀಕ್ಷೆ ಮಾಡಿಸಿದ್ದೆನೆ? ಇಲ್ಲ. ಡಾಕ್ಟರನ್ನು ಕೇಳಿದ್ದೆನೆ? ಅದೂ ಇಲ್ಲ. (ಎರಡು ರೀಲ್ಸ್ ನೋಡಿದ್ದೆ.)

ಅಕ್ಕನ ಕತ್ತಿನಲ್ಲಿ ವರ್ಷಗಳಿಂದ ಸಣ್ಣದೊಂದು ಗಂಟು. ನೋವಿಲ್ಲ, ತೊಂದರೆಯಿಲ್ಲ. ನನ್ನ ಬರಹ ಓದಿ, ಅದು ಕರಗೀತೆಂದು ದಿನಕ್ಕೆರಡು ನುಂಗತೊಡಗಿದರು. ಮೈ ಇಳಿಯಿತು. ನಾವೆಲ್ಲ ಹೊಗಳಿದೆವು. ನಿದ್ದೆ ಹೋಯಿತು, ಸಣ್ಣದಕ್ಕೂ ಸಿಡುಕತೊಡಗಿದರು. ವಯಸ್ಸಿನ ತಾಪತ್ರಯ ಅಂದುಕೊಂಡೆವು.

ಡಬ್ಬಿ ತೆಗೆದು ಡಾಕ್ಟರ ಕೈಗಿಟ್ಟೆ. ಅದರ ಮೇಲಿನ ಲೇಬಲ್ ಓದಿದರು. ಅಕ್ಕನ ಕತ್ತು ಮುಟ್ಟಿ ನೋಡಿದರು.

"ಯೇ ಕಿಸ್‌ನೇ ಬತಾಯಾ?" ಯಾರು ಹೇಳಿದ್ದು ಇದನ್ನು?

ಅಕ್ಕ ನನ್ನತ್ತ ನೋಡಲೇ ಇಲ್ಲ. "ಎಲ್ಲೋ ಓದಿದ್ದೆ" ಎಂದರು.

ನಾನು ಕೈಚೀಲದ ಜಿಪ್ ಎಳೆಯುತ್ತ ನಿಂತೆ.

ಡಾಕ್ಟರ್ ನನಗೇ ವಿವರಿಸಿದರು. ನಮಗೆ ಬೇಕಾಗುವ ಅಯೋಡಿನ್ ತೀರಾ ಸ್ವಲ್ಪ. ಬಹುತೇಕ ಜನರಿಗೆ ಅಡುಗೆಯ ಅಯೋಡಿನ್ ಉಪ್ಪೇ ಸಾಕು. ಕಡಲಪಾಚಿಯಲ್ಲಿ ಎಷ್ಟಿರುತ್ತದೆಂಬ ಲೆಕ್ಕವೇ ಇಲ್ಲ. ಹಳೆಯ ಗಂಟಿದ್ದವರು ಅತಿಯಾಗಿ ತೆಗೆದುಕೊಂಡರೆ ಥೈರಾಯ್ಡ್ ಹತೋಟಿ ತಪ್ಪಬಹುದು, ಅದರ ಏಟು ಹೃದಯಕ್ಕೆ ಬೀಳಬಹುದು. ತಲೆಯಾಡಿಸಿದೆ. ಕಣ್ಣು ಮಾನಿಟರಿನ ಮೇಲಿತ್ತು. ನೂರ ನಲವತ್ತು. ನೂರ ಮೂವತ್ತೆರಡು. ಮತ್ತೆ ನೂರೈವತ್ತು.

ಅಷ್ಟರಲ್ಲಿ ವಾಸು ಭಾವ, ಅಕ್ಕನ ಗಂಡ, ಹೋಟೆಲು ಬಿಟ್ಟು ಓಡಿಬಂದರು. "ಬೆಳಿಗ್ಗೆ ಸರಿ ಇದ್ಲಲ್ಲ? ಏನಾಯ್ತು?"

ಕಾರಿಡಾರಿಗೆ ಕರೆದೊಯ್ದು ಎಲ್ಲ ಹೇಳಿದೆ. ಭಾವ ಅಲ್ಲೇ ಬೆಂಚಿನಲ್ಲಿ ಕುಳಿತರು. ಆಮೇಲೆ, "ಡಾಕ್ಟರ್ ಹತ್ರ ಹೋಗುವ ಅಂತ ನಾನು ಹೇಳಿದ್ದೆ. 'ಅವಳೇ ಬರ್ದಿದ್ದಾಳಲ್ಲ, ಮತ್ಯಾಕೆ ಡಾಕ್ಟರ್' ಅಂದ್ಲು" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆಯ ಹೊತ್ತಿಗೆ ಎದೆಬಡಿತ ನೂರರ ಹತ್ತಿರ ಇಳಿಯಿತು. ರಕ್ತದ ರಿಪೋರ್ಟಿನಲ್ಲಿ ಥೈರಾಯ್ಡ್ ಹಾರ್ಮೋನು ಮಿತಿಮೀರಿತ್ತು. ನಾಲ್ಕನೇ ದಿನ ಅಕ್ಕ ಮನೆಗೆ ಬಂದರು. ಗುಣವಾಗಲು ತಿಂಗಳುಗಳೇ ಬೇಕಂತೆ.

ಹಾಗಾಗಿ ಆ ಬರಹವನ್ನು ಇಲ್ಲಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಮಾತು ನಂಬಿ ಡಬ್ಬಿ ಕೊಂಡಿದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಅವರು ಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ.

ಭಾನುವಾರ ಹೋಗಿ ಅಕ್ಕನ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಾನು ಬೀಳುವಾಗ ಜೊತೆಗೆ ನೀನಿದ್ದೆ. ನೀನು ಬರ್ದದ್ದು ಓದಿದ ಉಳಿದವರ ಜೊತೆಗೆ ಯಾರಿದ್ದಾರೆ?"