ಅತ್ತೆಗೆ ಹೇಳಿದ ಕರಾಳ ಪ್ರೇಮಕಥೆ

ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದು ಬೇಸಿಗೆ ರಜೆಯ ಶುರುವಿನಲ್ಲಿ. ಕುಂದಾಪುರದ ಡಾಕ್ಟರು ಕರಿ ಕನ್ನಡಕ ಕೊಟ್ಟು, ಬಗ್ಗಬಾರದು, ಒಲೆಯ ಹೊಗೆ ತಾಗಬಾರದು, ಸ್ವಲ್ಪ ದಿನ ಟಿವಿ ನೋಡಬಾರದು ಎಂದರು. ಮೊದಲ ಎರಡನ್ನು ಅತ್ತೆ ಸುಲಭವಾಗಿ ಒಪ್ಪಿದರು. ಮೂರನೆಯದನ್ನು ಕೇಳಿ ಡಾಕ್ಟರ ಮೇಲೇ ಮುನಿಸಿಕೊಂಡರು. ಸಂಜೆಯ ಧಾರಾವಾಹಿಗಳೇ ಅವರ ನೆರೆಹೊರೆ.

ನಾನು ಬೈಂದೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರು. ಮನೆ ನಾವುಂದದಲ್ಲಿ. ನನ್ನ ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಾಗಾಗಿ ಹಗಲಿಡೀ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ.

ಅದೇ ವಾರ ಬ್ರಹ್ಮಾವರದಲ್ಲಿರುವ ನನ್ನ ಅಕ್ಕನ ಮಗಳು ದಪ್ಪ ಇಂಗ್ಲಿಷ್ ಕಾದಂಬರಿಯೊಂದನ್ನು ನನ್ನ ಕೈಗಿಟ್ಟಿದ್ದಳು. ಕಾಲೇಜಿನ ಹುಡುಗಿ. ಅವಳ ಗೆಳತಿಯರೆಲ್ಲ ಅದನ್ನು ಓದಿದ್ದರಂತೆ.

"ಇದಕ್ಕೆ ಡಾರ್ಕ್ ರೊಮ್ಯಾನ್ಸ್ ಅಂಬ್ರ್ ಚಿಕ್ಕಿ. ಓದಿ ಕಾಣಿ, ನಿದ್ರೆ ಬತ್ತಿಲ್ಲೆ," ಎಂದಿದ್ದಳು.

ಈಗಿನ ಮಕ್ಕಳು ಓದುವುದನ್ನು ಕಂಡು ನಗುವವಳಲ್ಲ ನಾನು. ನಿಜ ಹೇಳಬೇಕೆಂದರೆ ಆಸೆಯಿಂದಲೇ ತೆಗೆದುಕೊಂಡೆ. ಚಿಕ್ಕಂದಿನಿಂದ ಓದಿದ ಪ್ರೇಮಕಥೆಗಳಲ್ಲೆಲ್ಲ ಪ್ರೀತಿ ಎಂದರೆ ಬೆಳದಿಂಗಳು, ಮಲ್ಲಿಗೆ, ಕಾಗದ. ಆದರೆ ಯಾರ ಹೆಜ್ಜೆ ಸಪ್ಪಳಕ್ಕೆ ಎದೆ ನಡುಗುತ್ತದೋ ಅದೇ ಸಪ್ಪಳಕ್ಕೆ ಕಿವಿಗೊಟ್ಟು ಕೂತಿರುವ ಹೆಂಗಸರನ್ನು ನಾನು ನೆಂಟರ ಮನೆಗಳಲ್ಲಿ ಕಂಡಿದ್ದೇನೆ, ಸ್ಟಾಫ್ ರೂಮಿನಲ್ಲೂ ಕಂಡಿದ್ದೇನೆ. ಹೆದರಿಕೆಯೂ ಆಸೆಯೂ ಒಂದೇ ಮನಸ್ಸಿನಲ್ಲಿ ಹೇಗೆ ಬಾಳುತ್ತವೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಈ ಪುಸ್ತಕ ಹೇಳಬಹುದು ಅಂದುಕೊಂಡೆ.

ಮೊದಲ ಐವತ್ತು ಪುಟ ನನ್ನನ್ನು ಹಿಡಿದು ಕೂರಿಸಿತು. ಚಳಿಯ ಊರೊಂದರಲ್ಲಿ ಪಿಟೀಲು ರಿಪೇರಿ ಮಾಡುವ ಹುಡುಗಿ. ಬಿರುಕು ಬಿಟ್ಟ ಮರವನ್ನು ಅವಳು ಬೆರಳಲ್ಲಿ ತಟ್ಟಿ ಕೇಳುವುದು, ಅಂಟು ಕಾಯಿಸುವುದು, ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಸೂಪು ಕುಡಿಯುವುದು, ಎಲ್ಲವೂ ಕಣ್ಣಿಗೆ ಕಟ್ಟುವಂತಿತ್ತು. ಒಂದು ದಿನ ಕೆನ್ನೆಯ ಮೇಲೆ ಗಾಯದ ಗುರುತಿನ ಶ್ರೀಮಂತನೊಬ್ಬ ಒಡೆದ ಪಿಟೀಲು ಹಿಡಿದು ಬರುತ್ತಾನೆ. ಕೈಜಾರಿ ಬಿತ್ತು ಎನ್ನುತ್ತಾನೆ. ಅದು ಸುಳ್ಳೆಂದು ಮರ ತಟ್ಟಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ.

ಅಷ್ಟು ಓದುವಾಗ ಜಗಲಿಯಿಂದ ಅತ್ತೆ ಕರೆದರು.

"ಹೆಣೆ, ನೀ ಒಬ್ಳೇ ಓದ್ಕಂಡ್ ಕೂಕಂಡ್ರೆ ನಾ ಎಂತ ಮಾಡುದ್? ಅದ್ರಗೆ ಎಂತ ಇತ್ತ್, ಜೋರಾಯಿ ಹೇಳ್ ಕಾಂಬ."

"ಇಂಗ್ಲಿಷ್ ಅತ್ತೆ."

"ಕನ್ನಡದಗೆ ಹೇಳ್. ಶಾಲೆ ಮಕ್ಕಳಿಗೆ ಹೇಳುದಿಲ್ಯಾ?"

ಹಾಗೆ ಶುರುವಾಯಿತು. ಬೆಳಿಗ್ಗೆ ನಾನು ಓದುವುದು, ಊಟವಾದ ಮೇಲೆ ಜಗಲಿಯಲ್ಲಿ ಅವರಿಗೆ ಹೇಳುವುದು. ಅತ್ತೆ ಕರಿ ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು.

ಐದನೆಯ ಅಧ್ಯಾಯದಲ್ಲಿ ಆ ಶ್ರೀಮಂತ ಹುಡುಗಿಯನ್ನು ಎತ್ತಿಕೊಂಡು ಹೋಗಿ ಬಂಡೆಯ ಮೇಲಿನ ಬಂಗಲೆಯಲ್ಲಿ ಕೂಡಿಹಾಕಿದ. ಅಲ್ಲಿಂದ ಪುಸ್ತಕ ಕೆಟ್ಟಿತು. ಮರದ ದನಿ ಕೇಳಿ ಸುಳ್ಳು ಹಿಡಿಯುತ್ತಿದ್ದ ಹುಡುಗಿಗೆ ಈಗ ಬುದ್ಧಿಯೂ ಇಲ್ಲ, ಹಸಿವೂ ಇಲ್ಲ. ಕಿಟಕಿಯ ಹತ್ತಿರ ನಿಲ್ಲುವುದು, ಬಿಕ್ಕುವುದು, ಅವನು ಬಂದಾಗ ಮೈ ಬಿಸಿಯಾಗುವುದು, ಇಷ್ಟೇ. ಅವನ ಕಣ್ಣು ಉಕ್ಕಿನಂತೆ, ದವಡೆ ಉಕ್ಕಿನಂತೆ, ದನಿಯೂ ಉಕ್ಕಿನಂತೆ. ಹೆದರಿಕೆ ಬರಬೇಕಾದಲ್ಲಿ ನನಗೆ ಆಕಳಿಕೆ ಬಂತು. ನಾನು ಹುಡುಕುತ್ತಿದ್ದ ಕತ್ತಲೆ ಅಲ್ಲಿರಲಿಲ್ಲ. ದೀಪ ಆರಿಸಿದ್ದರು, ಅಷ್ಟೇ.

ಬಿಟ್ಟುಬಿಡೋಣ ಎಂದರೆ ಅತ್ತೆ ಬಿಡಲೊಲ್ಲರು. ಕೆಲವು ಪುಟಗಳನ್ನಂತೂ ಅತ್ತೆಯ ಮುಂದೆ ಹೇಳುವ ಹಾಗೇ ಇರಲಿಲ್ಲ. ಅಂಥಲ್ಲೆಲ್ಲ "ಆಮೇಲೆ ಇಬ್ರೂ ಮಾತಾಡ್ತ್ರ್" ಎಂದು ದಾಟಿಸುತ್ತಿದ್ದೆ.

"ಎಷ್ಟ್ ಮಾತಾಡ್ತ್ರ್ ಮಾರಾಯ್ತಿ!" ಎಂದರು ಅತ್ತೆ ಒಂದು ದಿನ.

ಅದಕ್ಕಿಂತ ಸಿಟ್ಟು ಬಂದದ್ದು ಅವರು ಅವನ ಪಕ್ಷ ವಹಿಸಿದಾಗ.

"ಪಾಪ, ಅವ್ನಿಗೂ ಯಾರೂ ಇಲ್ಲೆ ಅಲ್ದಾ?"

"ಅತ್ತೆ, ಅವ ಅವ್ಳನ್ನ ಬೀಗ ಹಾಕಿ ಕೂರ್ಸಿದ್ದ!"

"ಕಡಿಗೆ ಸಮಾ ಆತ. ಗಂಡ್ಸ್ರ್ ಹಾಂಗೇ. ನೀ ಮುಂದೆ ಹೇಳ್."

ಆ ದಿನ ನಾನು ಮುಂದೆ ಹೇಳಲಿಲ್ಲ. ತಲೆನೋವು ಎಂದು ಒಳಗೆ ಹೋದೆ. ಆದರೂ ಓದುವುದನ್ನು ನಿಲ್ಲಿಸಲಾಗಲಿಲ್ಲ. ಎಲ್ಲೋ ಒಂದು ಕಡೆ ಆ ಹುಡುಗಿ ಎಚ್ಚೆತ್ತಾಳು ಎಂಬ ಆಸೆ. ಕೊನೆಯ ಪುಟದವರೆಗೂ ಕಾದೆ. ಅವನು ಚಿಕ್ಕವನಿದ್ದಾಗ ತಾಯಿ ಬಿಟ್ಟುಹೋದಳಂತೆ, ಅದಕ್ಕೇ ಕ್ರೂರಿಯಾದನಂತೆ. ಮಂಡಿಯೂರಿ ಅತ್ತ. ಅವಳು ಕಣ್ಣೊರೆಸಿದಳು. ಮದುವೆ. ಮುಗಿಯಿತು. ಪುಸ್ತಕವನ್ನು ಮಂಚದ ಮೇಲೆ ಎಸೆದೆ. ಹೆದರಿಸುತ್ತೇನೆಂದು ಮಾತು ಕೊಟ್ಟವರು ಕಡೆಗೆ ಮುದ್ದಾಡಿ ಕಳಿಸಿದ್ದರು.

ಇದನ್ನು ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಕೂತು ನನ್ನದೇ ಕಥೆ ಹೇಳಿದೆ.

"ಅವ್ಳ್ ಕಿಟಕಿ ಗ್ಲಾಸ್ ಒಡ್ದ್, ರಸ್ತೆಗೆ ಬಂದ್, ಸಿಕ್ಕಿದ್ ಬಸ್ಸ್ ಹತ್ತಿ ಊರಿಗೆ ಹೋದ್ಲ್. ಅಷ್ಟೇ ಅತ್ತೆ."

ಅತ್ತೆ ಕನ್ನಡಕವನ್ನು ಸ್ವಲ್ಪ ಮೇಲೆತ್ತಿ ನನ್ನನ್ನು ನೋಡಿದರು.

"ಸುಳ್ಳ್ ಹೇಳ್ತೆ. ಇಷ್ಟ್ ದಪ್ಪ ಪುಸ್ತಕ ಬರ್ದವ್ರ್ ಬಸ್ಸ್ ಹತ್ಸಿ ಬಿಡ್ತ್ರಾ? ಸಮಾ ಹೇಳ್."

ಬೇರೆ ದಾರಿಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವನು ಅತ್ತದ್ದನ್ನೂ.

"ಅವ ಮರ್ಕಿದ್ನಾ?" ಅತ್ತೆಯ ಮುಖ ಸಣ್ಣಗಾಯಿತು. "ಛೇ! ಹುಲಿ ಆಯಿ ಬಂದ್ ಬೆಕ್ಕ್ ಆಯಿ ಹೋದ. ನಮ್ ಧಾರಾವಾಹಿಯೇ ಅಡ್ಡಿಲ್ಲೆ."

"ಅವ್ಳ್ ಕಥೆ ಎಂತ ಅತ್ತೆ? ಅವ್ಳ್ ಪಿಟೀಲ್ ಕೆಲಸ?"

"ಮದುವೆ ಆಯ್ತಲ, ಇನ್ನೆಂತ ಪಿಟೀಲ್?"

ಇಬ್ಬರಿಗೂ ಬೇಸರವಾಗಿತ್ತು, ಆದರೆ ಇಬ್ಬರದೂ ಒಂದೇ ಬೇಸರವಲ್ಲ. ಅವರಿಗೆ ಹುಲಿ ಹೋಯಿತೆಂದು. ನನಗೆ ಹುಡುಗಿ ಹೋದಳೆಂದು. ವಾದ ಮಾಡಲು ಬಾಯಿ ತೆರೆದೆ. ಅವರು ಕಣ್ಣಿಗೆ ಮದ್ದು ಬಿಡುವ ಹೊತ್ತಾಯಿತೆಂದು ತಲೆ ಹಿಂದಕ್ಕೆ ವಾಲಿಸಿದರು. ಮದ್ದು ಬಿಟ್ಟೆ.

ಮರುವಾರ ಅಕ್ಕನ ಮಗಳು ಅತ್ತೆಯನ್ನು ಕಾಣಲು ಬಂದಳು. ಚೀಲ ಇಳಿಸುವ ಮೊದಲೇ ಕೇಳಿದಳು.

"ಹೆಂಗಿತ್ತ್ ಚಿಕ್ಕಿ? ನಿದ್ರೆ ಬಂತಾ?"

"ಬಂತ್. ಐವತ್ತು ಪುಟ ಆದ್ಮೇಲೆ ಚೆನ್ನಾಗಿ ಬಂತ್." ಆಮೇಲೆ ಎಲ್ಲವನ್ನೂ ಹೇಳಿದೆ, ಅವಳಿಗೆ ನೀರು ಕೊಡುವುದನ್ನೂ ಮರೆತು. ಅಷ್ಟು ಚೆಂದ ಪಿಟೀಲು ರಿಪೇರಿ ಮಾಡುತ್ತಿದ್ದವಳು ಆಮೇಲೆ ಒಂದು ಸಲವಾದರೂ ಅದನ್ನು ನೆನೆಯಬಾರದೇ ಎಂದೆ.

ಅವಳು ಹುಬ್ಬು ಗಂಟಿಕ್ಕಿದಳು. "ಯಾವ ಪಿಟೀಲ್?"

ಅವಳಿಗೆ ಆ ಐವತ್ತು ಪುಟಗಳ ನೆನಪೇ ಇರಲಿಲ್ಲ. ಅದು ಬೇಗ ಬೇಗ ಮಗುಚಿ ಹೋಗುವ ಭಾಗವಂತೆ. ಎಲ್ಲರೂ ಹಾಗೇ ಓದುವುದಂತೆ.

"ಅಷ್ಟ್ ಸಿಟ್ಟ್ ಎಂತಕೆ ಚಿಕ್ಕಿ? ಕಥೆ ಅಲ್ದಾ?"

"ಶುರು ಚೆನ್ನಾಗಿ ಇರದಿದ್ರೆ ಸಿಟ್ಟೇ ಬತ್ತಿರ್ಲಿಲ್ಲೆ," ಎಂದೆ. ಬರೆಯಲು ಬಾರದವರು ಬರೆದಿದ್ದರೆ ಮಡಚಿಟ್ಟು ಮರೆಯುತ್ತಿದ್ದೆ. ಇದನ್ನು ಬರೆದವರಿಗೆ ಬರೆಯಲು ಬರುತ್ತಿತ್ತು. ಬಂದೂ ಆ ಹುಡುಗಿಯನ್ನು ಕೈಬಿಟ್ಟಿದ್ದರು. ಇದನ್ನು ಅವಳಿಗೆ ತಿಳಿಸುವ ಹೊತ್ತಿಗೆ ಅವಳು ಚೀಲದಿಂದ ಇನ್ನೊಂದು ಪುಸ್ತಕ ತೆಗೆದಿದ್ದಳು. ಎರಡನೆಯ ಭಾಗ. ಇದರಲ್ಲಿ ಅವನ ತಮ್ಮನ ಕಥೆಯಂತೆ.

"ನಂಗ್ ಬೇಡ," ಎಂದೆ.

"ಅವ್ನ್ ತಮ್ಮನೂ ಮರ್ಕ್ತ್ನಾ?" ಎಂದು ಜಗಲಿಯಿಂದ ಅತ್ತೆ ಕೇಳಿದರು.

"ಇಲ್ಲೆ ಅಜ್ಜಿ. ಇವ ಭಾರೀ ಗಟ್ಟಿ."

"ಹಾಂಗಾರೆ ಬಾ, ಇಲ್ಲಿ ಕೂಕೋ. ನೀನೇ ಹೇಳ್."

ಅವಳು ಹೋಗಿ ಅವರ ಪಕ್ಕ ಕೂತಳು. ನಾನು ಅಡುಗೆಮನೆಗೆ ಬಂದು ಬಂಗುಡೆ ಮೀನಿಗೆ ಮಸಾಲೆ ಹಚ್ಚತೊಡಗಿದೆ. ಹೊರಗೆ ಕಥೆಯಲ್ಲಿ ಮತ್ತೊಬ್ಬ ಹುಡುಗಿಯನ್ನು ಕಾರಿನಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಅವಳು ಏನು ಕೆಲಸ ಮಾಡುತ್ತಿದ್ದಳು ಎಂದು ಅತ್ತೆ ಕೇಳಲಿಲ್ಲ, ಅಕ್ಕನ ಮಗಳು ಹೇಳಲೂ ಇಲ್ಲ. ಕೂಗಿ ಕೇಳೋಣ ಎನ್ನಿಸಿತು. ಕೇಳದೆ, ಕಾವಲಿಗೆ ಎಣ್ಣೆ ಹಾಕಿದೆ.